ಅಕ್ಕನ ಪದ್ಯದಲ್ಲಿ ನನ್ನದೊಂದು ಅಕ್ಷರ

ಮೊನ್ನೆ ಪಕ್ಕದ ಮನೆಯವರು ಅಂಗಳದಲ್ಲಿ ಸೈಕಲ್ಲಿನ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಈಗ ಸೀಮೆಎಣ್ಣೆ ಸಿಗುವುದೇ ಅಪರೂಪ, ಎಲ್ಲಿಂದ ತಂದಿದ್ದರೋ. ಆ ವಾಸನೆ ಕಿಟಕಿ ದಾಟಿ ಒಳಗೆ ಬಂದದ್ದೇ ನನ್ನ ಬಲಗೈ ಹೆಬ್ಬೆರಳು ತಾನಾಗಿ ತೋರುಬೆರಳನ್ನು ತೀಡತೊಡಗಿತು. ಅಚ್ಚಿನ ಮೊಳೆ ಜೋಡಿಸಿದವರ ಚಾಳಿ ಇದು. ಬಳ್ಳಾರಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಮೂವತ್ತು ವರ್ಷ ಆ ಕೆಲಸ ಮಾಡಿದೆ. ಅಚ್ಚಾದ ಮೇಲೆ ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದನ್ನೇ ಬೆರಳಿನಿಂದ ತಡವಿ, ಅದರದರ ಖಾನೆಗೆ ಹಾಕಬೇಕು. ಅಷ್ಟು ವರ್ಷಗಳಲ್ಲಿ ಒಂದು ವರ್ಷ ಮಾತ್ರ ಆ ವಾಸನೆಗೆ ಅಂಟಿಕೊಂಡು ಉಳಿದಿದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಕ್ಕ ತೀರಿಕೊಂಡ ವರ್ಷ ಅದು, ಅವಳ ಪದ್ಯಗಳನ್ನು ಹುಡುಕಿಕೊಂಡು ನಾನು ತಿರುಗಿದ ವರ್ಷ.

ಅಕ್ಕನ ಹೆಸರು ಗೌರಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮವ್ವ ಹೋದಾಗ ನನಗೆ ನಾಲ್ಕು. ಅಪ್ಪ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ; ಬೆಳಿಗ್ಗೆ ಹೋದರೆ ಮೈತುಂಬ ಹತ್ತಿಯ ನವಿರು ಅಂಟಿಸಿಕೊಂಡು ಸಂಜೆಗೆ ಬರುತ್ತಿದ್ದ. ಅಡಿಗೆ, ನನ್ನನ್ನು ನೋಡಿಕೊಳ್ಳುವುದು, ಎಲ್ಲ ಅಕ್ಕನದೇ. ಅದರ ನಡುವೆಯೇ ಓದಿ ಟೀಚರ್ ಆದಳು. ಮೊದಲು ಕರೂರು, ಆಮೇಲೆ ಸಿರುಗುಪ್ಪ, ಕೊನೆಗೆ ಕುರುಗೋಡು. ಮದುವೆಯ ಮಾತು ಬಂದಾಗಲೆಲ್ಲ "ನಮ್ಮ ಎರ್ರಿದೊಂದು ದಾರಿ ಆಗಲಿ" ಅನ್ನುತ್ತಿದ್ದಳು. ಎರ್ರಿ ಅಂದರೆ ನಾನು, ಎರ್ರಿಸ್ವಾಮಿ. ನನ್ನದು ದಾರಿ ಆಗುವಷ್ಟರಲ್ಲಿ ಅವಳನ್ನು ಕೇಳಿಕೊಂಡು ಬರುವವರು ನಿಂತಿದ್ದರು.

ನನಗೆ ಅಕ್ಷರ ಕಲಿಸಿದವಳೂ ಅವಳೇ. ನಾನು ಪಾಟಿಯ ಮೇಲೆ 'ಸಾಲಿಯಿಂದ ಮನಿಗೆ ಬಂದೆ' ಎಂದು ಬರೆದರೆ ಕಿವಿ ಹಿಂಡುತ್ತಿದ್ದಳು. "ಬಾಯಾಗ ಮನಿ, ಬರಿಯೂವಾಗ ಮನೆ. ಬಾಯಾಗ ಸಾಲಿ, ಬರಿಯೂವಾಗ ಶಾಲೆ. ತಿಳೀತಾ?" ನಾನು ಎಂಟನೆಯ ತರಗತಿಗೇ ಶಾಲೆ ಬಿಟ್ಟೆ. ಆದರೆ ಆ ಒಂದು ಪಾಠ ನನಗೆ ಅನ್ನ ಕೊಟ್ಟಿತು. ನಮ್ಮ ಪ್ರೆಸ್ಸಿಗೆ ಮದುವೆ ಪತ್ರಿಕೆ, ಕರಪತ್ರ, ಸಂಘದ ವರದಿ ಎಂದು ಏನೇ ಬಂದರೂ ಅರ್ಧ ಬಾಯಿಮಾತಿನಲ್ಲೇ ಬರೆದಿರುತ್ತಿದ್ದರು. ನಾನು ಜೋಡಿಸುತ್ತ ಜೋಡಿಸುತ್ತಲೇ ತಿದ್ದುತ್ತಿದ್ದೆ. 'ಮಳಿ' ಎಂದಿದ್ದರೆ ನನ್ನ ಕೈ ನೇರವಾಗಿ 'ಳೆ' ಖಾನೆಗೆ ಹೋಗುತ್ತಿತ್ತು. ಯೋಚನೆ ಬೇಕಿರಲಿಲ್ಲ. ಮಾಲೀಕರು ಚನ್ನಬಸಪ್ಪನವರು ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಎರ್ರಿಸ್ವಾಮಿ ಕೈಯಾಗಿಂದ ದಾಟಿದ್ರ ಗೌಡನ ಕನ್ನಡಾನೂ ಪಂಡಿತರ ಕನ್ನಡ ಆಕ್ಕೈತಿ ನೋಡ್ರಿ."

ಅಕ್ಕ ಪದ್ಯ ಬರೆಯುತ್ತಾಳೆಂದು ನನಗೆ ಗೊತ್ತಾದದ್ದು ಅವಳು ಸಿರುಗುಪ್ಪದಲ್ಲಿದ್ದಾಗ. ಅವಳ ಶಾಲೆಯ ಸ್ಮರಣ ಸಂಚಿಕೆ ನಮ್ಮ ಪ್ರೆಸ್ಸಿಗೆ ಬಂತು. ಗೊಬ್ಬರದಂಗಡಿ, ಅಕ್ಕಿ ಗಿರಣಿಗಳ ಜಾಹೀರಾತುಗಳ ನಡುವೆ ಅವಳದೊಂದು ಪದ್ಯ, ಹೆಸರು 'ಅಡಿಗೆ'. ಬೇರೆ ಯಾರಿಗೂ ಕೊಡದೆ ನಾನೇ ಜೋಡಿಸಿದೆ. ಕೊನೆಯ ಮೂರು ಸಾಲು ಇಂದಿಗೂ ಕಣ್ಣಮುಂದಿವೆ, ನಾನು ಜೋಡಿಸಿದ ಹಾಗೆಯೇ:

ಹಸಿ ಹತ್ತಿಕಟ್ಟಿಗೆ, ಬರೀ ಹೊಗೆ.
ಬೆನ್ನ ಹಿಂದೆ ತಮ್ಮನ ತಟ್ಟೆಯ ಸಪ್ಪಳ.
ಊದಿದೆ, ಊದಿದೆ, ಒಲೆ.

ತಮ್ಮ ಅಂದರೆ ನಾನೇ. ಹಸಿವಾದರೆ ತಟ್ಟೆ ಬಡಿಯುತ್ತಿದ್ದೆನಂತೆ. ಓದಿ ನನಗೆ ಎದೆ ತುಂಬಿ ಬಂದಿತ್ತು. ಅಕ್ಕ ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬಂದಳು. ನಿಂತಲ್ಲೇ ಸಂಚಿಕೆ ಬಿಡಿಸಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನಕ್ಕಳು.

"ಭಾಳ ಚಂದ ಕುಂದರ್ಸೀಯಪ. ಒಂದ ಒಂದು ಅಕ್ಷರ ಮಾತ್ರ ನಿಂದು."

"ಯಾವುದು?"

"ನೀನ ಹುಡುಕು."

ಹುಡುಕಿದೆ. ತಪ್ಪು ಕಾಣಲಿಲ್ಲ. ಕೈಬರಹದ ಹಾಳೆ ಅಷ್ಟೊತ್ತಿಗೆ ಮಷೀನಿನ ಮಸಿ ಒರೆಸಲು ಹೋಗಿತ್ತು. ನನಗೆ ಸಿಟ್ಟು ಬಂತು. ಪ್ರೆಸ್ಸಿನವರೆಲ್ಲ ನೋಡುತ್ತಿದ್ದರು. "ತಪ್ಪಿದ್ರ ತೋರ್ಸು. ಸುಮ್ಮನ ಮಂದಿ ಮುಂದ ಮಾನ ಕಳೀಬ್ಯಾಡ" ಎಂದೆ.

"ತಪ್ಪಿದ್ರ ತೋರ್ಸ್ತಿದ್ದೆ ಎರ್ರೀ. ತಪ್ಪಲ್ಲ ಅದು, ಅದಕ್ಕ ತೋರ್ಸಾಕ ಬರಂಗಿಲ್ಲ" ಎಂದು ಸಂಚಿಕೆಯನ್ನು ಚೀಲಕ್ಕೆ ಹಾಕಿಕೊಂಡಳು. ಚಹಾ ಕುಡಿದಳು. ನನ್ನ ಹೆಂಡತಿಗೆ ತಂದಿದ್ದ ಅಂಜೂರದ ಪೊಟ್ಟಣ ಕೊಟ್ಟು ಹೋದಳು.

ಅದೇ ಕೊನೆ. ಆಮೇಲೆ ನಮ್ಮ ಪ್ರೆಸ್ಸಿಗೆ ಅವಳು ಒಂದು ಸಾಲೂ ಕೊಡಲಿಲ್ಲ. ಬೇರೆ ಕಡೆ ಬರುತ್ತಿತ್ತು. ಕಂಡವರು ನನಗೆ ಹೇಳುತ್ತಿದ್ದರು. ನಾನು ಬೇಕೆಂದೇ ತರಿಸಿ ನೋಡಲಿಲ್ಲ. ಅವಳೂ ತೋರಿಸಲಿಲ್ಲ. ಜಗಳ ಅನ್ನಲು ಜಗಳವೂ ಅಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಮಕ್ಕಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದಳು. ಪದ್ಯವೊಂದನ್ನು ಬಿಟ್ಟು ಎಲ್ಲ ಮಾತಾಡುತ್ತಿದ್ದೆವು. ಹತ್ತು ವರ್ಷ ಹಾಗೆಯೇ ಹೋಯಿತು.

ಆ ಬೇಸಿಗೆಯಲ್ಲಿ ಅವಳಿಗೆ ಕಾಮಾಲೆ ಆಯಿತು. ಕುರುಗೋಡಿನಿಂದ ಬಳ್ಳಾರಿಗೆ ಕರೆತಂದು ಆಸ್ಪತ್ರೆಗೆ ಸೇರಿಸಿದೆ. ಕೋಟೆ ಗುಡ್ಡದ ಬಂಡೆ ಕಾದು, ಸಂಜೆಯಾದರೂ ಊರಿಗೆಲ್ಲ ಝಳ ಬಡಿಯುತ್ತಿದ್ದ ದಿನಗಳು. ಎಂಟು ದಿನ ಪಕ್ಕದಲ್ಲಿ ಕೂತಿದ್ದೆ. ಎರಡು ಸಲ ಆ ಅಕ್ಷರ ಯಾವುದೆಂದು ಕೇಳಬೇಕೆಂದು ಬಾಯಿವರೆಗೆ ಬಂತು. ಅಂಥ ಹೊತ್ತಿನಲ್ಲಿ ಮನುಷ್ಯ ಅದನ್ನು ಕೇಳುತ್ತಾನೆಯೇ? ಮಜ್ಜಿಗೆ ಕುಡಿತೀಯೇನಕ್ಕ ಎಂದು ಕೇಳಿದೆ. ಒಂಬತ್ತನೆಯ ದಿನ ಕೇಳಲು ಯಾರೂ ಇರಲಿಲ್ಲ.

ಕುರುಗೋಡಿನಲ್ಲಿ ಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವಳ ಬಾಡಿಗೆ ಕೋಣೆ. ಅದನ್ನು ಖಾಲಿ ಮಾಡಲು ಹೋದಾಗ ಅವಳ ಶಾಲೆಯ ಹೆಡ್‌ಮಿಸ್ಟ್ರೆಸ್ ಸರೋಜಮ್ಮನವರು ಜೊತೆಗೆ ಬಂದರು. ಟ್ರಂಕಿನಲ್ಲಿ ಮಡಿಕೆ ಮುರಿಯದ ಸೀರೆಗಳು, ಅವ್ವನ ಒಂದು ಹಿತ್ತಾಳೆ ಕುಂಕುಮದ ಬಟ್ಟಲು. ಪದ್ಯ ಒಂದೂ ಇಲ್ಲ. ತಳದಲ್ಲಿ ದಾರ ಕಟ್ಟಿದ ಹನ್ನೊಂದು ಪೋಸ್ಟ್ ಕಾರ್ಡು. 'ನಿಮ್ಮ ಪದ್ಯ ತಲುಪಿತು', 'ಯುಗಾದಿ ಸಂಚಿಕೆಯಲ್ಲಿ ಬಳಸಿದ್ದೇವೆ', ಇಷ್ಟೇ ಒಕ್ಕಣೆ.

"ಇಟ್ಕೊಳ್ಳೋದು ಆಕೀಗೆ ಗೊತ್ತಿರ್ಲಿಲ್ರೀ" ಎಂದರು ಸರೋಜಮ್ಮ. "ಅಚ್ಚಾದ ಮ್ಯಾಲ ಅದು ಅವರ್ದು, ನಂದಲ್ಲ ಅಂತಿದ್ಲು. ಯಾರು ಕೇಳಿದ್ರೂ ಪುಸ್ತಕ ಕೊಟ್ಟುಬಿಡಾಕಿ."

ಆ ಕಾರ್ಡುಗಳನ್ನು ಹಿಡಿದುಕೊಂಡು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯವಾಯಿತು. ವರ್ಷದ ದಿನಕ್ಕೆ ಅಕ್ಕನ ಪದ್ಯಗಳದೊಂದು ಪುಸ್ತಕ, ನನ್ನ ಕೈಯಿಂದಲೇ. ಮಾಲೀಕರು ಒಪ್ಪಿದರು. ಆದರೆ ನನ್ನಷ್ಟಕ್ಕೆ ನಾನೊಂದು ಷರತ್ತು ಹಾಕಿಕೊಂಡೆ: ಆ ಅಕ್ಷರ ಯಾವುದೆಂದು ತಿಳಿಯದೆ 'ಅಡಿಗೆ' ಪದ್ಯವನ್ನು ಮತ್ತೆ ಜೋಡಿಸುವುದಿಲ್ಲ. ಅದಿಲ್ಲದೆ ಪುಸ್ತಕವೂ ಇಲ್ಲ.

ಮುಂಗಾರು ಶುರುವಾದಾಗ ತಿರುಗಾಟ ಶುರುವಾಯಿತು. ಪ್ರೆಸ್ಸಿಗೆ ರಜೆ ಇದ್ದ ದಿನವೆಲ್ಲ ಬಸ್ ಸ್ಟ್ಯಾಂಡು. ಕಾರ್ಡು ಬರೆದವರಲ್ಲಿ ಅರ್ಧ ಜನ ಪತ್ರಿಕೆ ನಿಲ್ಲಿಸಿ ಬೇರೆ ಉದ್ಯೋಗ ಹಿಡಿದಿದ್ದರು. ಮೂರೇ ಸಂಚಿಕೆ ಬಂದು ನಿಂತ ಪತ್ರಿಕೆಯ ಸಂಪಾದಕರು ಬಳ್ಳಾರಿಯಲ್ಲೇ ಬಳೆ ಅಂಗಡಿ ಇಟ್ಟಿದ್ದರು. ಬಳೆಯ ಡಬ್ಬಿಗಳ ನಡುವೆ ತುಂಡು ಮಾಡಿ ತುರುಕಿದ್ದ ಹಾಳೆಗಳಲ್ಲಿ ಅಕ್ಕನ ಪದ್ಯದ ಎರಡನೆಯ ಅರ್ಧ ಸಿಕ್ಕಿತು. ಮೊದಲರ್ಧ ಇನ್ನೊಂದು ಡಬ್ಬಿಯಲ್ಲಿ, ಮೂರು ವಾರ ಬಿಟ್ಟು. ಶಿಕ್ಷಕ ಕವಿಗಳ ಒಂದು ಸಂಕಲನ ಕುಡತಿನಿಯ ಮೇಷ್ಟ್ರೊಬ್ಬರ ಬಳಿ ಇತ್ತು. ಅವರು ಮನೆಯ ಹೊರಗೆ ಕೊಡಲು ಒಪ್ಪಲಿಲ್ಲ. ಅವರ ಕಟ್ಟೆಯ ಮೇಲೆ ಕೂತು ನಕಲು ಮಾಡಿಕೊಂಡೆ. ಎರೆಮಣ್ಣಿನ ಹಾದಿಯಲ್ಲಿ ಚಪ್ಪಲಿ ಹೂತುಹೋಗಿ ಬರಿಗಾಲಲ್ಲಿ ಬಸ್ಸು ಹತ್ತಿದೆ. ಕರೂರಿನ ಶಾಲೆಯ ಗೋಡೆಪತ್ರಿಕೆಯ ಒಂದು ಹಾಳೆಯನ್ನು ಯಾರೋ ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿದ್ದರು. ನೀರು ಚಿಮುಕಿಸಿ ನಿಧಾನವಾಗಿ ಬಿಡಿಸಿದಾಗ ಅಕ್ಕನ ದುಂಡನೆಯ ಕೈಬರಹ ಕಂಡಿತು. ಕಾಲುವೆಗೆ ನೀರು ಬಿಟ್ಟು ಗದ್ದೆಗಳೆಲ್ಲ ತುಂಬಿ ಹೊಳೆಯುತ್ತಿದ್ದ ದಿನ ಅದು. ನಾಟಿ ಮಾಡುವ ಹೆಂಗಸರು ನನ್ನನ್ನು ನೋಡಿ "ಯಾರ ಕಡೆಯವರ್ರೀ?" ಎಂದು ಕೂಗಿದರು. "ಗೌರಮ್ಮ ಟೀಚರ್ ತಮ್ಮ" ಎಂದೆ. ಒಬ್ಬಾಕೆ ಬೆನ್ನು ನೆಟ್ಟಗೆ ಮಾಡಿ, ಕೆಸರುಗೈಯಲ್ಲೇ ಕೈಮುಗಿದಳು.

ಹತ್ತಿ ಬಿಡಿಸುವ ಕಾಲ ಬರುವ ಹೊತ್ತಿಗೆ ಇಪ್ಪತ್ತೆರಡು ಪದ್ಯ ಕೂಡಿದವು. ಆದರೆ ಆ ಅಕ್ಷರದ ಗುಟ್ಟು ಎಲ್ಲಿಯೂ ಸಿಗಲಿಲ್ಲ. 'ಅಡಿಗೆ' ನಮ್ಮ ಸಂಚಿಕೆಯಲ್ಲಿ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ ಎಂದೇ ತಿಳಿದಿದ್ದೆ.

ಚಳಿಯಲ್ಲಿ ಕೊನೆಯದಾಗಿ ಸಿರುಗುಪ್ಪಕ್ಕೆ ಹೋದೆ. ಅಕ್ಕ ಅಲ್ಲಿ ಬಾಡಿಗೆಗಿದ್ದ ಮನೆಯ ಯಜಮಾನಿ ಲಕ್ಷ್ಮೀದೇವಮ್ಮ ಇನ್ನೂ ಗಟ್ಟಿಯಾಗಿದ್ದರು. ಆದೋನಿ ಕಡೆಯಿಂದ ಸೊಸೆಯಾಗಿ ಬಂದವರು. ಮಾತು ಕನ್ನಡ, ಓದು ತೆಲುಗಿನಲ್ಲಿ. ಗಿರಣಿಯಿಂದ ಕುದಿಸಿದ ಭತ್ತದ ವಾಸನೆ ಮನೆಯೊಳಗೆಲ್ಲ ತುಂಬಿತ್ತು. ನಾನು ಬಂದ ಕಾರಣ ಹೇಳಿದೆ.

"ಪದ್ಯ ಗಿದ್ಯ ನನಗ ತಿಳಿಯಂಗಿಲ್ಲಪ. ಆದ್ರ ನಿಮ್ಮಕ್ಕನ ಹಾಡು ನಾವು ಸೋಮವಾರಕ್ಕೊಮ್ಮೆ ಹಾಡ್ತೀವಿ."

"ಹಾಡಾ?"

"ಹೂನಪ, ಭಜನಿಯಾಗ" ಎಂದು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಶುರುಮಾಡಿಯೇಬಿಟ್ಟರು. ಹಸಿ ಹತ್ತಿಕಟ್ಟಿಗೆ, ಬರೀ ಹೊಗೆ.

ನಾನು ತಡೆಯಲಾರದೆ ಕೇಳಿದೆ: "ಇದನ್ನ ಭಜನ್ಯಾಗ ಯಾಕ ಹಾಡ್ತೀರಿ ಅಮ್ಮಾ? ಇದು ಅಡಿಗಿ ಹಾಡಲ್ಲೇನ್ರೀ?"

"ಯಾರು ಹೇಳಿದ್ರು ನಿನಗ? ದೇವ್ರ ಹಾಡಿದು. ಹೊಗಿ ಅಂದ್ರ ಧೂಪ."

"ತಮ್ಮನ ತಟ್ಟಿ ಸಪ್ಪಳ?"

"ಜಾಗಟಿ!"

"ಊದಿದೆ ಅಂದ್ರ?"

"ಶಂಖಪ್ಪಾ, ಶಂಖ! ಧೂಪ ಹಾಕೀನಿ, ಜಾಗಟಿ ಬಾರಿಸೀವಿ, ಶಂಖ ಊದೀನಿ, ಇನ್ನಾದ್ರೂ ಒಲಿಯೋ ತಂದೆ ಅಂತ. ಪ್ರೆಸ್ಸಿನಾಗ ಇದ್ದೀನಿ ಅಂತಿ, ಇಷ್ಟು ತಿಳಿಯಂಗಿಲ್ಲ?"

ನಾನು ನಗಲು ಬಾಯಿ ತೆರೆದವನು ಆ ಒಂದು ಮಾತನ್ನೇ ಮತ್ತೆ ಹೇಳಿಕೊಂಡೆ. ಒಲಿ. ನಮ್ಮ ಬಾಯಲ್ಲಿ ಅದು ಅಡಿಗೆಯ ಒಲಿ. ಪುಸ್ತಕದ ಕನ್ನಡದಲ್ಲಿ ಅದು ಒಲಿದು ಬಾ ಅನ್ನುವ ಒಲಿ. ಹಸಿದ ತಮ್ಮನನ್ನು ಬೆನ್ನಿಗಿಟ್ಟುಕೊಂಡ ಹದಿಮೂರು ವರ್ಷದ ಹುಡುಗಿ, ಹತ್ತದ ಒಲೆಯನ್ನು ಊದಿ ಊದಿ ಸೋತು, ಅದರ ಹೆಸರನ್ನೇ ಹಿಡಿದು ಬೇಡಿಕೊಳ್ಳುತ್ತಿದ್ದಾಳೆ. ಎರಡೂ ಒಂದೇ ಮಾತಿನಲ್ಲಿ. ನಾನು ಅದನ್ನು ಒಲೆ ಮಾಡಿದ್ದೆ. ಮೈಸೂರಿನ ಕಡೆಯ ಕಂಪೋಸಿಟರ್ ಆಗಿದ್ದರೆ ಇದ್ದದ್ದನ್ನು ಇದ್ದಂತೆ ಜೋಡಿಸಿ ಮುಂದೆ ಹೋಗುತ್ತಿದ್ದ. ಒಲಿ ಅಂದರೆ ಒಲೆಯೆಂದು ಗೊತ್ತಿದ್ದವನ ಕೈ ಮಾತ್ರ ಅಲ್ಲಿ ನಿಂತು ತಿದ್ದಬಲ್ಲದು.

ಆದರೂ ಬರೀ ಹಾಡಿದ್ದನ್ನು ನಂಬುವ ಹಾಗಿರಲಿಲ್ಲ. ಈ ಸೀಮೆಯಲ್ಲಿ ಹಾಡಿದರೆ ಒಲೆಯೂ ಒಲಿಯೇ. "ಬರೆದದ್ದು ಐತೇನ್ರೀ?" ಎಂದೆ. ದೇವರ ಗೂಡಿನಿಂದ ಎಣ್ಣೆ ಹತ್ತಿದ ಸಣ್ಣ ಪುಸ್ತಕ ತಂದರು. ಭಜನಾ ಮಂಡಳಿಯವರು ಅಚ್ಚು ಹಾಕಿಸಿದ್ದು. ಹಾಡು ಕನ್ನಡದವು, ಅಕ್ಷರ ಎಲ್ಲ ತೆಲುಗು. ಮಂಡಳಿಯ ಬಹಳ ಹೆಂಗಸರಿಗೆ ಅದೊಂದೇ ಲಿಪಿ ಬರುತ್ತಿತ್ತು. ಅಕ್ಕನೇ ಕೈಯಾರೆ ತೆಲುಗು ಅಕ್ಷರದಲ್ಲಿ ಹಾಡು ಬರೆದುಕೊಟ್ಟಿದ್ದಳಂತೆ. ನಮ್ಮ ಪ್ರೆಸ್ಸಿನಲ್ಲಿ ತೆಲುಗು ಕೆಲಸವೂ ಇದ್ದುದರಿಂದ ನನಗೆ ಓದಲು ಬರುತ್ತಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದೆ. ಕಟ್ಟಿಗೆ: ಕೊನೆಯಲ್ಲಿ ಎತ್ವ, ಎಕಾರದ ಗುರುತು. ಹೊಗೆ: ಎತ್ವ. ತಟ್ಟೆ: ಎತ್ವ. ನನಗೆ ಕಿವಿ ಹಿಂಡಿ ಕಲಿಸಿದ ನಿಯಮವನ್ನು ಅಕ್ಕ ಒಂದು ಕಡೆಯೂ ತಪ್ಪಿರಲಿಲ್ಲ. ಕೊನೆಯ ಅಕ್ಷರದ ಮೇಲೆ ಮಾತ್ರ ಗುಡಿಸು, ಇಕಾರದ ಗುರುತು. ಒಲಿ.

ಆ ಪುಸ್ತಕದ ಮೊಳೆ ಜೋಡಿಸಿದವರು ಊರಲ್ಲೇ ಇದ್ದರು. ಸುಬ್ಬಯ್ಯ ಎಂಬ ಮುದುಕರು, ಗಿರಣಿ ರಸ್ತೆಯ ಒಂದೇ ಕೋಣೆಯ ಪ್ರೆಸ್ಸು. ನಾನು ಹೆಸರು ಹೇಳಿದ್ದಕ್ಕೆ ನಕ್ಕರು. "ಪೇರೇ ಎರ್ರಿಯಾ? ನಮ್ಮ ತೆಲುಗಿನಾಗ ಎರ್ರಿ ಅಂದ್ರ ಹುಚ್ಚು. ಅದಕ್ಕ ಒಂದಕ್ಷರಕ್ಕೋಸ್ಕರ ಬಳ್ಳಾರಿಂದ ಬಂದೀಯ."

"ಅಯ್ಯಾ, ಇಲ್ಲಿ ಒಲಿ ಅಂತ ಹಾಕೀರಲ್ಲ, ಟೀಚರ್ ಹಂಗ ಬರೆದಿದ್ರಾ, ನೀವು ಮಾಡಿದ್ರಾ?"

"ನಾನ್ಯಾಕ ಮಾಡ್ಲಿ? ಮಾತಾಡೋ ಕನ್ನಡ ಇಷ್ಟಿಷ್ಟು ಬರ್ತದ, ಪುಸ್ತಕದ ಕನ್ನಡ ನನಗೇನು ತಿಳೀತದ? ಉನ್ನದಿ ಉನ್ನಟ್ಟು ಪೆಟ್ಟಾನು. ಇದ್ದದ್ದು ಇದ್ದಂಗ ಇಟ್ಟೆ." ಕನ್ನಡಕ ತೆಗೆದು ಒರೆಸಿಕೊಂಡರು. "ಅರ್ಥ ಆಗಿದ್ರ ಕೈ ಸುಮ್ಮನಿರ್ತಿತ್ತಾ ಅಪ್ಪಾ?"

ಬಸ್ಸಿನಲ್ಲಿ ಇಡೀ ದಾರಿ ಆ ಮಾತೇ. ನನಗೆ ಅರ್ಥವಾಗಿತ್ತು ಅಂದುಕೊಂಡೇ ಕೆಡಿಸಿದ್ದೆ.

ಮರುದಿನವೇ ಜೋಡಿಸಲು ಕೂತೆ. 'ಲಿ' ಮೊಳೆ ಎತ್ತುವಾಗ ಕೈ ಒಂದು ಗಳಿಗೆ 'ಲೆ' ಕಡೆಗೇ ಹೋಗಿತ್ತು, ಅಷ್ಟು ವರ್ಷದ ರೂಢಿ. ಕರಡು ಅಚ್ಚು ಮಾಲೀಕರ ಮೇಜಿಗೆ ಹೋಯಿತು. ಕೆಂಪು ಗೀಟು ಹಾಕಿಕೊಂಡು ಅವರೇ ಎದ್ದು ಬಂದರು.

"ಏನ್ಲೇ ಎರ್ರೀ, ಇಪ್ಪತ್ತು ವರ್ಷ ಮೊಳಿ ಹಿಡಿದು ಒಲೆ ಅನ್ನೋದು ಜೋಡಿಸಾಕ ಬರಂಗಿಲ್ಲೇನು?"

"ಇರ್ಲಿ ಬಿಡ್ರಿ ಮಾಲೀಕ್ರ. ಅದು ಅಕ್ಕಂದು."

"ಅಕ್ಕಂದು ಆದ್ರ? ನೋಡಿದವ್ರು ನಗ್ತಾರಪ, ಟೀಚರ್‌ಗೆ ಒಲೆ ಬರಿಯಾಕ ಬರ್ತಿದ್ದಿಲ್ಲ ಅಂತ."

"ನಗಲಿ ಬಿಡ್ರಿ. ಕೇಳಿದ್ರ ತಪ್ಪು ಕಂಪೋಸಿಟರ್‌ದು ಅಂತ ಹೇಳ್ರಿ."

ಅವರು ನನ್ನ ಮುಖ ನೋಡಿದರು. ಕೆಂಪು ಗೀಟಿನ ಮೇಲೆ ಇನ್ನೊಂದು ಗೀಟೆಳೆದು ಅದನ್ನು ಹೊಡೆದುಹಾಕಿ ಹೋದರು.

ನಿಜವಾದ ಕಷ್ಟ ಆಮೇಲೆ ಬಂತು. ಉಳಿದ ಇಪ್ಪತ್ತೆರಡು ಪದ್ಯಗಳಲ್ಲಿ ಕರೂರಿನ ಒಂದು ಹಾಳೆ ಬಿಟ್ಟರೆ ಯಾವುದಕ್ಕೂ ಅಕ್ಕನ ಕೈಬರಹ ಇರಲಿಲ್ಲ. ಎಲ್ಲವೂ ನನ್ನಂಥವರೇ ಜೋಡಿಸಿದವು, ನನ್ನಂತೆಯೇ ತಿಳಿದವರು. ಎಲ್ಲೆಲ್ಲಿ ಯಾವ ಗುಡಿಸನ್ನು ಎತ್ವ ಮಾಡಿದ್ದರೋ. ಒಂದು ಪದ್ಯದಲ್ಲಿ 'ಕರೆ' ಎಂದಿತ್ತು. ಅಕ್ಕ 'ಕರಿ' ಎಂದು ಬರೆದಿರಬಹುದೇ? ಮೊಳೆ ಬದಲಿಸಿ ನೋಡಿದೆ. ಚೆನ್ನಾಗಿಯೇ ಕೂತಿತು. ಬೇರೆಯೇ ಅರ್ಥ ಬಂತು, ಅದೂ ಚೆಂದವಿತ್ತು. ಎರಡು ದಿನ ಆ ಸಾಲನ್ನು ಹಾಗೇ ಬಿಟ್ಟೆ. ಮೂರನೆಯ ದಿನ ಮತ್ತೆ ಓದಿದಾಗ ಅದು ಅಕ್ಕನ ದನಿ ಅನ್ನಿಸಲಿಲ್ಲ. ನನ್ನದೇ ಇನ್ನೊಂದು ಅಕ್ಷರ ಅದು. ತೆಗೆದು 'ಕರೆ'ಯನ್ನೇ ಹಾಕಿದೆ. ಉಳಿದವನ್ನೂ ಸಿಕ್ಕಿದ ಹಾಗೆಯೇ ಜೋಡಿಸಿದೆ. ಅಕ್ಕನನ್ನು ಕೇಳಬಹುದಾಗಿದ್ದ ಹತ್ತು ವರ್ಷ ಕೇಳದವನಿಗೆ ಈಗ ಊಹಿಸುವ ಹಕ್ಕು ಇರಲಿಲ್ಲ.

ವರ್ಷದ ದಿನ ಕುರುಗೋಡಿನ ಶಾಲೆಯ ಪಡಸಾಲೆಯಲ್ಲಿ ನಲವತ್ತು ಜನ ಕೂಡಿದ್ದರು. ಸಿರುಗುಪ್ಪದಿಂದ ಲಕ್ಷ್ಮೀದೇವಮ್ಮನೂ ಬಂದಿದ್ದರು. ಅಕ್ಕನ ಫೋಟೋಕ್ಕೆ ಹೂ ಏರಿಸಿ, ಸರೋಜಮ್ಮನವರು ಪುಸ್ತಕ ಬಿಡಿಸಿ ಓದತೊಡಗಿದರು. ನಾನು ಗೋಡೆಗೆ ಒರಗಿ, ನನ್ನ ಪ್ರತಿ ತೆರೆದುಕೊಂಡು, ತಪ್ಪು ಉಳಿದಿದೆಯೋ ಎಂದು ಸಾಲಿಗೆ ಸಾಲು ನೋಡುತ್ತಿದ್ದೆ.

ಮೊದಲ ಪದ್ಯದ ಮೊದಲ ಸಾಲು ಪುಸ್ತಕದಲ್ಲಿ 'ಹೊಳೆ ದಾಟಿದರೆ ಶಾಲೆ' ಎಂದಿದೆ. ಸರೋಜಮ್ಮ ಓದಿದ್ದು "ಹೊಳಿ ದಾಟಿದ್ರ ಸಾಲಿ." ಹೆಡ್‌ಮಿಸ್ಟ್ರೆಸ್ಸು, ಬರೆದಂತೆ ಓದಬೇಕಿತ್ತು. ಆದರೆ ಜೊತೆಗಿದ್ದವಳ ಪದ್ಯ ಅವರಿಗೆ ಬಾಯಿಮಾತಿನಲ್ಲೇ ಬಂತು. ಮುಂದಿನ ಪದ್ಯದಲ್ಲಿ ಮಳೆ ಮಳಿಯಾಯಿತು, ಎಲೆ ಎಲಿಯಾಯಿತು. ಯಾರೂ ಗಮನಿಸಲಿಲ್ಲ. 'ಅಡಿಗೆ' ಬಂದಾಗ ಹೊಗೆಯೂ ಹೊಗಿ, ತಟ್ಟೆಯೂ ತಟ್ಟಿ. "ಊದಿದೆ, ಊದಿದೆ, ಒಲಿ" ಎಂದು ಅವರು ನಿಲ್ಲಿಸಿದಾಗ ಲಕ್ಷ್ಮೀದೇವಮ್ಮ ಕೈಮುಗಿದರು. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ಅಲ್ಲಿ ಒಲೆ ಎಂದೇ ಬಿಟ್ಟಿದ್ದರೂ ಅವರು ಒಲಿ ಎಂದೇ ಓದುತ್ತಿದ್ದರು. ಹತ್ತು ವರ್ಷದ ಹಿಂದೆ ಸಿರುಗುಪ್ಪದ ಮನೆಗಳಲ್ಲಿ ಆ ಸಂಚಿಕೆಯನ್ನು ಗಟ್ಟಿಯಾಗಿ ಓದಿದವರೂ ಹಾಗೆಯೇ ಓದಿರಬೇಕು. ನನ್ನ ಅಕ್ಷರ ಕಾಗದದ ಮೇಲೆ ಮಾತ್ರ ಉಳಿದು, ಒಂದು ಬಾಯಿಗೂ ತಲುಪದೆ ಹೋಗಿತ್ತು. ಅವತ್ತು ಪ್ರೆಸ್ಸಿನಲ್ಲಿ ನಿಂತು ನಕ್ಕಾಗ ಅಕ್ಕನಿಗೆ ಇದು ಗೊತ್ತಿತ್ತೋ ಇಲ್ಲವೋ.

ಸರೋಜಮ್ಮ ಹಾಳೆ ಮಗುಚಿ ಮುಂದಿನ ಪದ್ಯ ಶುರುಮಾಡಿದರು. ನಾನು ನನ್ನ ಪ್ರತಿಯನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. ಉಳಿದವನ್ನೆಲ್ಲ ನೋಡಲು ಹೋಗಲಿಲ್ಲ, ಬರೀ ಕೇಳಿದೆ.